ಒಂದೇ ಟಿಟಿಯೋ, ಮೂರು ಕಾರೋ

ಮನೆದೇವರಿಗೆ ಹೋಗಬೇಕು, ಹನ್ನೆರಡು ಜನ ಆಗುತ್ತೇವೆ ಎಂದು ಮಾತು ಎದ್ದ ಕೂಡಲೇ ಮನೆಯೊಳಗೆ ಎರಡು ಪಕ್ಷವಾಗುತ್ತದೆ. ‘ಒಂದು ಟಿಟಿ ಮಾಡ್ಕೊಂಡು ಹೋಗೋಣ, ಎಲ್ಲರೂ ಒಟ್ಟಿಗೆ ಇದ್ದ ಹಾಗಾಗುತ್ತೆ’ ಎನ್ನುವವರು ಒಂದು ಕಡೆ. ‘ಮನೆ ಮುಂದೆ ಕಾರು ನಿಂತಿರುವಾಗ ಬಾಡಿಗೆ ಯಾಕೆ ದಂಡ ಕೊಡ್ಬೇಕು’ ಎನ್ನುವವರು ಇನ್ನೊಂದು ಕಡೆ. ಕೊನೆಗೆ ಯಾರ ದನಿ ಜೋರೋ ಅವರ ಮಾತು ನಡೆಯುತ್ತದೆ. ಎರಡೂ ಪಕ್ಷದಲ್ಲಿ ನ್ಯಾಯವಿದೆ. ಆದರೆ ತೀರ್ಮಾನವಾಗುವುದು ಹೆಚ್ಚಾಗಿ ಬಾಡಿಗೆಯ ಲೆಕ್ಕದ ಮೇಲೆ, ಅದೂ ಅರ್ಧ ಲೆಕ್ಕದ ಮೇಲೆ. ಹೊರಡುವ ಮುನ್ನ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಎರಡೂ ಕಡೆಯವರು ಕೇಳುವುದಿಲ್ಲ. ಸ್ಟಿಯರಿಂಗ್ ಹಿಡಿಯುವವರು ನಿದ್ದೆ ಮಾಡಿದ್ದಾರೆಯೇ ಎಂಬುದು ಆ ಪ್ರಶ್ನೆ.

ಹೀಗೆ ಆರಿಸಿಕೊಳ್ಳುವ ಅವಕಾಶವೇ ನಮಗೆ ಹೊಸದು. ಎರಡು ತಲೆಮಾರಿನ ಹಿಂದೆ ದಿಬ್ಬಣ ಹೋಗುತ್ತಿದ್ದದ್ದು ಬಸ್ಸಿನಲ್ಲಿ, ಜಾತ್ರೆಗೆ ಹೋಗುತ್ತಿದ್ದದ್ದು ಎತ್ತಿನ ಗಾಡಿಯಲ್ಲೋ ಲಾರಿಯಲ್ಲೋ. ಆಮೇಲೆ ಮಟಾಡೋರ್ ಬಂತು. ಅದನ್ನು ತಯಾರಿಸಿದ ಬಜಾಜ್ ಟೆಂಪೋ ಕಂಪನಿ 1958ರಲ್ಲಿ ಜರ್ಮನಿಯ ಟೆಂಪೋ ಸಂಸ್ಥೆಯ ಸಹಯೋಗದಲ್ಲಿ ಹುಟ್ಟಿದ್ದು. 2005ರಲ್ಲಿ ಅದು ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಅದೇ ಕಂಪನಿಯ ಟೆಂಪೋ ಟ್ರಾವೆಲರ್ ನಮ್ಮ ಬಾಯಲ್ಲಿ ಟಿಟಿ ಆಯಿತು. ಈಗ ಬೇರೆ ಕಂಪನಿಯ ಅದೇ ಅಳತೆಯ ಗಾಡಿಗೂ ಟಿಟಿ ಎಂದೇ ಹೆಸರು. ಅಷ್ಟರಲ್ಲಿ ಮಧ್ಯಮ ವರ್ಗದ ಮನೆಮನೆಗೂ ಕಾರು ಬಂತು. ಹಾಗಾಗಿ ‘ಒಟ್ಟಿಗೆ ಹೋಗುವುದೋ, ಬೇರೆ ಬೇರೆ ಹೋಗುವುದೋ’ ಎಂಬ ಜಿಜ್ಞಾಸೆ ನಮ್ಮ ಕಾಲದ್ದು.

ಮೊದಲು ದುಡ್ಡಿನ ಮಾತು. ಬೆಂಗಳೂರಿನಿಂದ ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ ನೋಡಿಕೊಂಡು ಎರಡು ದಿನದಲ್ಲಿ ವಾಪಸು ಬರುವ ಯಾತ್ರೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಇಲ್ಲಿ ಸುತ್ತಾಡಿದ್ದೂ ಸೇರಿ 700 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹನ್ನೆರಡು ಸೀಟಿನ ಟಿಟಿಗೆ ಕಿಲೋಮೀಟರಿಗೆ 20 ರೂಪಾಯಿ ಎಂದರೆ 14,000. ಚಾಲಕರ ಬಾಟಾ ದಿನಕ್ಕೆ 600ರಂತೆ 1,200. ಮೀಟರ್ ಶುರುವಾಗುವುದು ನಿಮ್ಮ ಮನೆ ಬಾಗಿಲಲ್ಲಿ ಅಲ್ಲ, ಮಾಲೀಕರ ಶೆಡ್ಡಿನಲ್ಲಿ. ಹೋಗಿ ಬರುವ ಆ ಮೂವತ್ತು ಕಿಲೋಮೀಟರಿಗೆ ಇನ್ನೊಂದು 600. ಒಟ್ಟು 15,800. ಇನ್ನು ಮೂರು ಸ್ವಂತ ಕಾರು. ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ ಮೂರಕ್ಕೂ ಸೇರಿ 140 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ ಎಂದರೂ 14,000. ಟೈರು, ಬ್ರೇಕು, ಸರ್ವಿಸ್ ಇದರಲ್ಲಿ ಸೇರಿಲ್ಲ. ಅವನ್ನೂ ಸೇರಿಸಿದರೆ ಎರಡು ಕಡೆಯೂ ಹೆಚ್ಚು ಕಡಿಮೆ ಒಂದೇ. ಸ್ವಂತ ಕಾರು ಬಿಟ್ಟು ಆರಾರು ಜನರ ಎರಡು ಬಾಡಿಗೆ ಕಾರು ಮಾಡಿಸಿದಿರೋ, ಕಿಲೋಮೀಟರಿಗೆ 17ರಂತೆ ಹಿಡಿದರೂ 23,800, ಅದರ ಮೇಲೆ ಇಬ್ಬರು ಚಾಲಕರ ಬಾಟಾ. ಅಲ್ಲಿ ಟಿಟಿಯೇ ಗೆಲ್ಲುತ್ತದೆ.

ಇದು ಹನ್ನೆರಡು ಜನಕ್ಕೆ, ಎರಡು ದಿನಕ್ಕೆ. ಎಂಟು ಜನವಾದರೆ ಎರಡು ಸ್ವಂತ ಕಾರು ಸಾಕು, ಖರ್ಚು 9,500ರ ಒಳಗೆ ಮುಗಿಯುತ್ತದೆ. ಟಿಟಿಯ ಬಾಡಿಗೆ ಮಾತ್ರ ಅಷ್ಟೇ ಇರುತ್ತದೆ. ದಿನ ಹೆಚ್ಚಾದರೆ ಅಂತರ ಇನ್ನೂ ದೊಡ್ಡದು. ಬಾಡಿಗೆ ಗಾಡಿಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಎಂಬ ಷರತ್ತು ಇರುತ್ತದೆ. ಕೊಡಗಿನ ಹೋಮ್‌ಸ್ಟೇಯಲ್ಲಿ ಎರಡು ದಿನ ಸುಮ್ಮನೆ ಕೂರಲು ಹೋದವರಿಗೂ ನಾಲ್ಕು ದಿನಕ್ಕೆ 1,200 ಕಿಲೋಮೀಟರಿನ ಬಿಲ್ಲು ಬರುತ್ತದೆ, ಗಾಡಿ ಓಡಿದ್ದು 600 ಆದರೂ ಸರಿ. ಇದನ್ನು ಮೋಸ ಎನ್ನಲಾರೆ. ಮಾಲೀಕರಿಗೆ ಸಾಲದ ಕಂತು, ತೆರಿಗೆ, ವಿಮೆ, ಚಾಲಕರ ಸಂಬಳ ಗಾಡಿ ನಿಂತ ದಿನವೂ ತಪ್ಪುವುದಿಲ್ಲ. ಆದರೆ ಒಂದೇ ಕಡೆ ತಂಗುವ ಪ್ರವಾಸಕ್ಕೆ ದೊಡ್ಡ ಗಾಡಿ ದುಬಾರಿ, ಊರೂರು ಸುತ್ತುವ ಯಾತ್ರೆಗೆ ಅಗ್ಗ. ಈ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕುವ ಕುಟುಂಬ ಅಪರೂಪ.

ಟೋಲಿನ ಲೆಕ್ಕವೂ ಈಚೆಗೆ ಬದಲಾಗಿದೆ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಲ್ಲಿ ಕಾರಿಗೆ ಕಿಲೋಮೀಟರಿಗೆ 65 ಪೈಸೆ, ಮಿನಿಬಸ್ಸಿಗೆ 1 ರೂಪಾಯಿ 5 ಪೈಸೆ, ಬಸ್ಸಿಗೆ 2 ರೂಪಾಯಿ 20 ಪೈಸೆ ಮೂಲದರ ಇಟ್ಟಿದ್ದರು. ದರ ವರ್ಷವರ್ಷ ಏರಿದೆ, ಆದರೆ ಮೂರು ಕಾರು ಒಂದು ಮಿನಿಬಸ್ಸಿಗಿಂತ ಹೆಚ್ಚು ಟೋಲ್ ಕೊಡುತ್ತದೆ ಎಂಬ ಮಾತು ಬಹುಕಾಲ ನಿಜವಾಗಿತ್ತು. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ 3,000 ರೂಪಾಯಿಗೆ 200 ಸಲ ದಾಟುವ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು, ಅಂದರೆ ಆಗಿನ ದರದಲ್ಲಿ ಒಂದು ಸಲಕ್ಕೆ 15 ರೂಪಾಯಿ. ಹಳದಿ ಬೋರ್ಡಿನ ಗಾಡಿಗೆ ಈ ಸೌಲಭ್ಯ ಇಲ್ಲ. ಪಾಸ್ ಇರುವ ಮನೆಗಳಿಗೆ ರಾಷ್ಟ್ರೀಯ ಹೆದ್ದಾರಿಯ ಟೋಲಿನ ಮಟ್ಟಿಗೆ ಕಾರಿನ ಪಕ್ಷವೇ ಲಾಭದ್ದು. ಸಾರ್ವಜನಿಕ ಹಿತದ ದೃಷ್ಟಿಯಿಂದ ನನಗೆ ಇದು ಸರಿ ಕಾಣುವುದಿಲ್ಲ. ಹನ್ನೆರಡು ಜನರನ್ನು ಹೊತ್ತ ಟಿಟಿ ಲೀಟರಿಗೆ 10 ಕಿಲೋಮೀಟರ್ ಕೊಟ್ಟರೂ ಆ 700 ಕಿಲೋಮೀಟರಿಗೆ ಉರಿಸುವುದು 70 ಲೀಟರ್ ಡೀಸೆಲ್. ಮೂರು ಕಾರು ಅದರ ಎರಡರಷ್ಟು ಇಂಧನ ಸುಡುತ್ತವೆ, ರಸ್ತೆಯಲ್ಲೂ ದೇವಸ್ಥಾನದ ಬೀದಿಯಲ್ಲೂ ಹೆಚ್ಚು ಜಾಗ ಹಿಡಿಯುತ್ತವೆ. ಆದರೂ ರಿಯಾಯಿತಿ ಸಿಕ್ಕಿರುವುದು ಕಾರಿಗೆ.

ನೀಲಗಿರಿಯಲ್ಲಿ ಇದಕ್ಕೆ ತಿರುವುಮುರುವಾದ ನೀತಿ ಇದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬೇಕಾಯಿತು, ಮರುವರ್ಷ ದಿನದ ವಾಹನ ಸಂಖ್ಯೆಗೂ ಮಿತಿ ಬಂತು. ಪಾಸ್ ಕೊಡುವುದು ಗಾಡಿಯ ಲೆಕ್ಕದಲ್ಲಿ, ತಲೆಯ ಲೆಕ್ಕದಲ್ಲಿ ಅಲ್ಲ. ಮೂರು ಕಾರಿನವರು ಮೂರು ಪಾಸಿಗೆ ಕಾಯಬೇಕಾದಲ್ಲಿ ಟಿಟಿಯವರಿಗೆ ಒಂದು ಸಾಕು. ನಮ್ಮ ಗಿರಿಧಾಮಗಳಲ್ಲೂ ವಾರಾಂತ್ಯದ ನೂಕುನುಗ್ಗಲು ಕಂಡವರಿಗೆ ಈ ದಾರಿಯೇ ನ್ಯಾಯವಾದದ್ದು ಅನ್ನಿಸೀತು.

ದುಡ್ಡು ಹಾಗಿರಲಿ. ಒಟ್ಟಿಗೆ ಹೋಗುವುದರ ಸೊಗಸನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಮೂರು ಕಾರಿನಲ್ಲಿ ಹೊರಟ ಮನೆಯವರು ಒಂದೇ ಯಾತ್ರೆ ಮಾಡುವುದಿಲ್ಲ, ಮೂರು ಯಾತ್ರೆ ಮಾಡುತ್ತಾರೆ. ಒಂದು ಕಾರಿನಲ್ಲಿ ಹೊಸ ಹಾಡು, ಇನ್ನೊಂದರಲ್ಲಿ ಆಫೀಸಿನ ಫೋನು, ಮತ್ತೊಂದರಲ್ಲಿ ಅಜ್ಜಿ ಕಿಟಕಿಯಾಚೆ ನೋಡುತ್ತಾ ಮೌನ. ದಾರಿಯುದ್ದಕ್ಕೂ ‘ಎಲ್ಲಿದ್ದೀರಾ, ಟೋಲ್ ದಾಟಿದ್ರಾ’ ಎಂಬ ಫೋನು. ಟಿಟಿಯಲ್ಲಿ ಹಾಗಲ್ಲ. ಅಂತ್ಯಾಕ್ಷರಿಗೆ ಅಜ್ಜಿಯ ಹತ್ತಿರ ಇರುವಷ್ಟು ಹಾಡು ಮೊಮ್ಮಕ್ಕಳ ಹತ್ತಿರ ಇಲ್ಲ ಎಂಬುದು ಸಕಲೇಶಪುರ ಬರುವಷ್ಟರಲ್ಲಿ ಗೊತ್ತಾಗುತ್ತದೆ. ಡಬ್ಬಿಯ ಕೋಡುಬಳೆ, ಪುಳಿಯೋಗರೆ ಹಿಂದಿನ ಸೀಟಿನಿಂದ ಮುಂದಕ್ಕೆ ಬರುತ್ತದೆ. ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಅಕ್ಕಪಕ್ಕದ ಸೀಟಿನಲ್ಲಿ ಆರು ಗಂಟೆ ಕೂತರೆ ನೀರಿನ ಬಾಟಲಿಯನ್ನಾದರೂ ಕೇಳಿಯೇ ಕೇಳುತ್ತಾರೆ.

ಇನ್ನೊಂದು ನ್ಯಾಯದ ಮಾತೂ ಇದೆ. ಮೂರು ಕಾರು ಹೋದರೆ ಮನೆಯ ಮೂವರು ಚಾಲಕರಾಗುತ್ತಾರೆ, ಅವರಿಗೆ ಪ್ರವಾಸವಿಲ್ಲ. ಶಿರಾಡಿಯ ಮಳೆ, ಚಾರ್ಮಾಡಿಯ ಮಂಜು ಉಳಿದವರ ಕಣ್ಣಿಗೆ. ಓಡಿಸುವವರ ಕಣ್ಣು ಎದುರಿನ ಲಾರಿಯ ಮೇಲೆ. ವಾರವೆಲ್ಲ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸಿದವರು ಶನಿವಾರ ಮತ್ತೆ ಅದನ್ನೇ ಮಾಡಬೇಕು. ಭಾನುವಾರ ರಾತ್ರಿ ಮನೆ ಸೇರಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ.

ಕಾರಿನ ಪಕ್ಷದವರ ಉತ್ತರವನ್ನೂ ಕೇಳಬೇಕು, ಅದು ಬರೀ ಸೋಮಾರಿತನದ ಉತ್ತರವಲ್ಲ. ಹನ್ನೆರಡು ಜನರಲ್ಲಿ ಒಬ್ಬರಿಗೆ ಮೂತ್ರಕ್ಕೆ ಅವಸರವಾದರೆ ಹನ್ನೆರಡೂ ಜನ ಇಳಿಯುತ್ತಾರೆ; ಐದು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರು ಇದೇ ಮುಜುಗರಕ್ಕೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಟಿಟಿಯ ಹಿಂದಿನ ಸೀಟು ಹಿಂಬದಿ ಚಕ್ರದ ಆಚೆಗೆ ಇರುವುದರಿಂದ ತಿರುವಿನಲ್ಲಿ ಅದರ ಓಲಾಟ ಹೆಚ್ಚು. ಘಾಟಿಯಲ್ಲಿ ವಾಂತಿ ಮಾಡುವ ಮಗುವಿಗೆ, ಬೆನ್ನುನೋವಿನ ಅತ್ತೆಗೆ ಅಲ್ಲಿ ಕೂತು ಹೋಗುವುದು ಶಿಕ್ಷೆ. ಸೀಟೆಲ್ಲ ತುಂಬಿದರೆ ಲಗೇಜಿಗೆ ಜಾಗವಿಲ್ಲ. ಚೀಲಗಳು ಟಾಪಿಗೆ ಏರಿ, ಮೇಲೆ ಟಾರ್ಪಾಲು ಕಟ್ಟಿಸಿಕೊಳ್ಳುತ್ತವೆ. ಯಲಹಂಕದಲ್ಲಿ ಒಂದು ಮನೆ, ಜಯನಗರದಲ್ಲಿ ಒಂದು, ಕೆಂಗೇರಿಯಲ್ಲಿ ಇನ್ನೊಂದು ಎಂದಾದರೆ ಊರು ಬಿಡುವಷ್ಟರಲ್ಲೇ ಎರಡು ಗಂಟೆ ಕಳೆದಿರುತ್ತದೆ. ಯಾರಿಗಾದರೂ ಮೈ ಹುಷಾರು ತಪ್ಪಿದರೆ ಒಂದು ಕಾರು ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಬಹುದು, ಮಿಕ್ಕವರು ಮುಂದುವರಿಯಬಹುದು. ಒಂದೇ ಗಾಡಿಯಾದರೆ ಎಲ್ಲರ ಪ್ರವಾಸವೂ ಅಲ್ಲಿಗೆ ನಿಲ್ಲುತ್ತದೆ. ಗಾಡಿ ಕೆಟ್ಟರೂ ಅಷ್ಟೇ.

ಮತ್ತೆ, ಎಲ್ಲರಿಗೂ ಎಲ್ಲರ ಜೊತೆ ಎರಡು ದಿನ ಕಳೆಯುವ ಮನಸ್ಸಿರುವುದಿಲ್ಲ. ಹೊಸದಾಗಿ ಮನೆಗೆ ಬಂದ ಸೊಸೆ, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಹುಡುಗ, ‘ಮದುವೆ ಯಾವಾಗ’ ಎಂದು ಕೇಳಿಸಿಕೊಂಡು ಸಾಕಾದ ಮೂವತ್ತರ ಹುಡುಗಿ, ಇವರಿಗೆ ಟಿಟಿಯಲ್ಲಿ ತಪ್ಪಿಸಿಕೊಳ್ಳಲು ಮೂಲೆಯಿಲ್ಲ. ಒಟ್ಟಿಗೆ ಇರುವುದನ್ನು ಹೊಗಳುವಾಗ ಇವರನ್ನು ಮರೆಯಬಾರದು. ಕಾರಿನಲ್ಲಿ ಅವರಿಗೆ ಬೇಕಾದವರ ಜೊತೆ ಕೂರುವ ಸ್ವಾತಂತ್ರ್ಯವಾದರೂ ಇರುತ್ತದೆ.

ರಸ್ತೆ ಯಾವುದು ಎಂಬುದೂ ತೀರ್ಪಿನ ಒಂದು ಭಾಗ. ಬೆಂಗಳೂರಿನಿಂದ ಹಂಪಿಗೋ ಬಾದಾಮಿಗೋ ಹೋಗುವ ಬಯಲುದಾರಿಯಲ್ಲಿ ಗಾಡಿಯ ಗಾತ್ರ ತೊಡಕಲ್ಲ. ಮಲೆನಾಡಿನಲ್ಲಿ ತೊಡಕು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಮಿನಿಬಸ್ಸು ಇಳಿಯುತ್ತದೆ, ದೊಡ್ಡ ಬಸ್ಸಿಗೆ ಆ ದಾರಿಯಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಿರಿದಾದ ರಸ್ತೆಯಲ್ಲಿ ಉದ್ದನೆಯ ಗಾಡಿ ಎದುರಾದರೆ ಎರಡೂ ಕಡೆ ಸಾಲು ನಿಲ್ಲುತ್ತದೆ. ಕಾಫಿ ತೋಟದೊಳಗಿನ ಹೋಮ್‌ಸ್ಟೇಗೆ ಕೊನೆಯ ಎರಡು ಕಿಲೋಮೀಟರ್ ಜೀಪೇ ಗತಿ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಯಾರೇ ಹೋದರೂ ಜೀಪು, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಯಾರೇ ಹೋದರೂ ಬುಡದಿಂದ ಕೆಎಸ್‌ಆರ್‌ಟಿಸಿ ಬಸ್ಸು. ಅಲ್ಲಿ ಕಾರು, ಟಿಟಿ ಎರಡೂ ಕೆಳಗೇ ಉಳಿಯುತ್ತವೆ. ಆದ್ದರಿಂದ ಊರಿನ ಹೆಸರಿಗಿಂತ ದಾರಿಯ ಕೊನೆಯ ಹತ್ತು ಕಿಲೋಮೀಟರ್ ಹೇಗಿದೆ ಎಂದು ವಿಚಾರಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗ ಜೀವದ ಪ್ರಶ್ನೆ. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ, ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ಊರಿಗೆ ಮರಳುತ್ತಿದ್ದ ಟಿಟಿಯೊಂದು ನಿಂತಿದ್ದ ಲಾರಿಗೆ ಗುದ್ದಿ 13 ಮಂದಿ ತೀರಿಕೊಂಡರು. 2022ರ ಅಕ್ಟೋಬರಿನಲ್ಲಿ ಅರಸೀಕೆರೆ ತಾಲ್ಲೂಕಿನಲ್ಲಿ, ಧರ್ಮಸ್ಥಳದ ಕಡೆಯಿಂದ ಹಿಂದಿರುಗುತ್ತಿದ್ದ ಟಿಟಿ ರಾತ್ರಿ ಹೊತ್ತು ಬಸ್ಸು ಮತ್ತು ಹಾಲಿನ ಟ್ಯಾಂಕರಿನ ನಡುವೆ ಸಿಕ್ಕಿ 9 ಮಂದಿ ಹೋದರು. ಇಂಥ ಸುದ್ದಿ ಓದಿದವರು ‘ಒಂದೇ ಗಾಡಿಯಲ್ಲಿ ಮನೆಮಂದಿಯೆಲ್ಲ ಹೋಗಬಾರದು’ ಎನ್ನುತ್ತಾರೆ. ಆ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಾರೆ. ಒಂದು ಮನೆತನದ ಮೂರು ತಲೆಮಾರು ಒಂದೇ ಗಾಡಿಯಲ್ಲಿದ್ದಾಗ ಒಂದು ಕ್ಷಣದ ತಪ್ಪಿಗೆ ಆ ಮನೆತನವೇ ಬೆಲೆ ತೆರುತ್ತದೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯೂ ಹಗುರವಲ್ಲ. ಮೂರು ಕಾರು ಎಂದರೆ ಮೂವರು ಚಾಲಕರು, ಅಪಾಯಕ್ಕೆ ಮೂರು ಅವಕಾಶ. ಅವರಲ್ಲಿ ಒಬ್ಬರಾದರೂ ಘಾಟಿ ಓಡಿಸಿ ಅಭ್ಯಾಸವಿಲ್ಲದವರು. ಸ್ನೇಹಿತರ ಪ್ರವಾಸವಾದರೆ ಒಬ್ಬರನ್ನೊಬ್ಬರು ಹಿಂದೆ ಹಾಕುವ ಹುಮ್ಮಸ್ಸು, ರಾತ್ರಿ ಕುಡಿದವರೇ ಬೆಳಿಗ್ಗೆ ಸ್ಟಿಯರಿಂಗ್ ಹಿಡಿಯುವ ಪರಿಪಾಠ. ಟಿಟಿಗೆ ಗಂಟೆಗೆ 80 ಕಿಲೋಮೀಟರಿನ ವೇಗಮಿತಿ ಸಾಧನ ಕಡ್ಡಾಯ; ಸ್ವಂತ ಕಾರಿಗೆ ಅಂಥ ಕಡಿವಾಣವಿಲ್ಲ. ಶಿರಾಡಿಯನ್ನು ನೂರಾರು ಸಲ ಹತ್ತಿ ಇಳಿದ ವೃತ್ತಿಪರ ಚಾಲಕ, ನಿದ್ದೆ ಮಾಡಿ ಬಂದಿದ್ದರೆ, ನಮ್ಮ ನಿಮ್ಮೆಲ್ಲರಿಗಿಂತ ಸುರಕ್ಷಿತ ಎಂದೇ ನನ್ನ ನಂಬಿಕೆ.

‘ನಿದ್ದೆ ಮಾಡಿ ಬಂದಿದ್ದರೆ’ ಎಂಬಲ್ಲೇ ಎಲ್ಲವೂ ನಿಂತಿದೆ. ಬಾಡಿಗೆಯ ಪದ್ಧತಿಯೇ ಆ ನಿದ್ದೆಯನ್ನು ಕಸಿಯುತ್ತದೆ. ದಿನದ ಲೆಕ್ಕ ಸಾಮಾನ್ಯವಾಗಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟರೆ ಶುಕ್ರವಾರವೂ ಒಂದು ದಿನ. ಆದ್ದರಿಂದ ‘ಹನ್ನೆರಡು ಹೊಡೆದ ಮೇಲೆ ಹೊರಡೋಣ, ಬೆಳಿಗ್ಗೆ ದರ್ಶನಕ್ಕೆ ಸರಿಹೋಗುತ್ತೆ, ರೂಮಿನ ಖರ್ಚೂ ಉಳಿಯುತ್ತೆ’ ಎಂದು ನಾವು ಜಾಣತನ ಮಾಡುತ್ತೇವೆ. ಹಿಂದೆ ಕೂತವರು ಮಲಗುತ್ತಾರೆ. ಚಾಲಕರು ರಾತ್ರಿಯಿಡೀ ಓಡಿಸಿ, ನಾವು ದರ್ಶನಕ್ಕೆ ಸಾಲಿನಲ್ಲಿ ನಿಂತ ಹೊತ್ತಿನಲ್ಲಿ ಬಿಸಿಲಿಗೆ ಕಾದ ಗಾಡಿಯೊಳಗೆ ಒಂದೆರಡು ಗಂಟೆ ಕಣ್ಣು ಮುಚ್ಚಿ, ಮತ್ತೆ ದಿನವಿಡೀ ಓಡಿಸಿ, ಮರುರಾತ್ರಿ ವಾಪಸು ಹೊರಡುತ್ತಾರೆ. ಅವರಿಗೆ ಹಾಸಿಗೆ ಕೊಡಬೇಕೆಂದು ಬುಕಿಂಗ್ ಮಾಡುವವರಿಗೆ ಹೊಳೆಯುವುದೇ ಇಲ್ಲ. ಎಷ್ಟೋ ಹೋಮ್‌ಸ್ಟೇಗಳಲ್ಲಿ ಡ್ರೈವರ್‌ಗೆ ಜಾಗವೇ ಇರುವುದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ಐದು ಗಂಟೆ ಕೆಲಸವಾದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಎಂದು ಬರೆದಿತ್ತು. ದೂರದ ಪ್ರಯಾಣಕ್ಕೂ 10 ಗಂಟೆಯ ಮಿತಿ ಇಟ್ಟಿತ್ತು. ಇಷ್ಟು ಹಳೆಯ, ಇಷ್ಟು ಸರಳವಾದ ಮಾತು ನಮ್ಮ ಯಾತ್ರೆಯ ಪಟ್ಟಿಯೊಳಗೆ ಇನ್ನೂ ಬಂದಿಲ್ಲ. ಇದು ಮಾಲೀಕರೊಬ್ಬರ ತಪ್ಪಲ್ಲ. ಮೂರು ದಿನದ ಊರುಗಳನ್ನು ಎರಡು ದಿನದಲ್ಲಿ ತೋರಿಸಿ ಎನ್ನುವವರು ನಾವು.

ಕಾಗದಪತ್ರದ ವಿಚಾರ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಬಾಡಿಗೆಗೆ ಹೋಗುವ ಗಾಡಿಗೆ ಹಳದಿ ಬೋರ್ಡ್ ಇರಬೇಕು. ಪರಿಚಯದವರ ಬಿಳಿ ಬೋರ್ಡ್ ಗಾಡಿ ಎರಡು ಸಾವಿರ ಕಡಿಮೆಗೆ ಸಿಗುತ್ತದೆ ಎಂದು ಹೋಗುವವರು, ಖಾಸಗಿ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ಅಪಘಾತವಾದ ಮೇಲೆ ತಿಳಿಯುತ್ತಾರೆ. ಹನ್ನೆರಡು ಸೀಟಿನ ಗಾಡಿಗೆ ‘ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ತೀವಿ’ ಎಂದು ಹದಿನಾರು ಜನ ಹತ್ತುವುದೂ ಅದೇ ಜಾತಿಯ ಉಳಿತಾಯ. ಹೊರರಾಜ್ಯಕ್ಕೆ ಹೋಗುವುದಾದರೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ ಎಂದು ಮೊದಲೇ ನೋಡಿ.

ಮೂರನೆಯ ದಾರಿಯೊಂದಿದೆ ಎಂಬುದನ್ನೂ ಈ ವಾದದ ನಡುವೆ ಮರೆಯುತ್ತೇವೆ. ದಿಬ್ಬಣಕ್ಕೆ, ದೊಡ್ಡ ಗುಂಪಿಗೆ ಕೆಎಸ್‌ಆರ್‌ಟಿಸಿ ಬಸ್ಸು ಈಗಲೂ ಒಪ್ಪಂದದ ಮೇಲೆ ಸಿಗುತ್ತದೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಗುಂಪುಗಳು ಮನೆಯ ಯಜಮಾನರ ರಜೆಗೂ ಕಾರಿಗೂ ಕಾಯದೆ ಧರ್ಮಸ್ಥಳಕ್ಕೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಸಾಮಾನ್ಯ ಬಸ್ಸಿನಲ್ಲಿ ತಾವೇ ಹೋಗಿ ಬರುತ್ತಿದ್ದಾರೆ. ಅವರ ಪ್ರಯಾಣದಲ್ಲಿ ಸುಖ ಕಡಿಮೆ ಇರಬಹುದು, ಸ್ವಾತಂತ್ರ್ಯ ಹೆಚ್ಚು.

ಎಲ್ಲ ತೂಗಿ ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗೆ. ಎಂಟು ಜನರವರೆಗೆ, ಅಥವಾ ಒಂದೇ ಕಡೆ ಎರಡು ಮೂರು ದಿನ ತಂಗುವುದಾದರೆ, ಅಥವಾ ಗುಂಪಿನಲ್ಲಿ ತೀರಾ ಕಾಯಿಲೆಯವರು, ಕೈಗೂಸು ಇದ್ದರೆ ಕಾರೇ ಸರಿ. ಒಂಬತ್ತರಿಂದ ಹನ್ನೆರಡು ಜನ, ಊರೂರು ಸುತ್ತುವ ಯಾತ್ರೆ, ಹಿರಿಯರು ಮಕ್ಕಳು ಕೂಡಿದ ಗುಂಪು ಎಂದರೆ ಟಿಟಿಯನ್ನೇ ಮಾಡಿಸಿ. ಆದರೆ ಸೀಟಿಗಿಂತ ಎರಡು ತಲೆ ಕಡಿಮೆ ಇಟ್ಟುಕೊಳ್ಳಿ, ಹಿಂದಿನ ಸಾಲು ಲಗೇಜಿಗೆ ಆದೀತು. ಇಪ್ಪತ್ತು ದಾಟಿದರೆ ಮಲೆನಾಡಿಗೆ ಒಂದು ದೊಡ್ಡ ಬಸ್ಸಿಗಿಂತ ಎರಡು ಟಿಟಿ ಮೇಲು. ದಾರಿಯೂ ಸುಲಭ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಯಾವುದನ್ನು ಆರಿಸಿಕೊಂಡರೂ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಚಕ್ರ ಉರುಳಬಾರದು. ಅದಕ್ಕಾಗಿ ಒಂದು ದಿನದ ಬಾಡಿಗೆ ಹೆಚ್ಚಾದರೆ ಅದನ್ನು ಹನ್ನೆರಡು ಜನ ಹಂಚಿಕೊಂಡು ಕೊಡಿ.

ಮುಂಗಡ ಕೊಡುವ ಮುನ್ನ ಕಿಲೋಮೀಟರಿನ ದರದ ಜೊತೆಗೆ ಇನ್ನೊಂದು ಮಾತನ್ನೂ ಮಾಲೀಕರನ್ನು ಕೇಳಿ: ನಮ್ಮ ಜೊತೆ ಬರುವ ಚಾಲಕರು ಹಿಂದಿನ ರಾತ್ರಿ ಬೇರೆ ಟ್ರಿಪ್ಪಿಗೆ ಹೋಗಿರುತ್ತಾರೆಯೇ? ಹೋಗಿರುತ್ತಾರೆ ಎಂದರೆ ಬೇರೆ ಚಾಲಕರನ್ನು ಕೇಳಿ, ಇಲ್ಲವೇ ಬೇರೆ ದಿನ ಹೊರಡಿ. ತಂಗುವ ಕಡೆ ರೂಮು ಬುಕ್ ಮಾಡುವಾಗ ಅವರಿಗೂ ಒಂದು ಹಾಸಿಗೆ ಸೇರಿಸಿಯೇ ಬುಕ್ ಮಾಡಿ.